ಕಾರವಾರ: ಬಂದರು ಇತ್ತು, ದಾರಿ ಬೇಕಿತ್ತು

ಕಾರವಾರಕ್ಕೆ ಹೋಗಿ ಬಂದವರನ್ನು ‘ಏನೇನು ನೋಡಿದ್ರಿ?’ ಅಂತ ಕೇಳಿ ನೋಡಿ. ಟ್ಯಾಗೋರ್ ಕಡಲತೀರ, ದಡದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ನೌಕೆ, ಕಾಳಿ ಸೇತುವೆ, ಆಮೇಲೆ ಬಂಗಡೆ ಫ್ರೈ. ಇಷ್ಟು ಹೇಳಿ ಗೋವಾದ ಕಥೆ ಶುರು ಮಾಡ್ತಾರೆ. ನಾವೂ ಮೊದಲ ಸಲ ಹೀಗೇ ನೋಡಿ ಬಂದವರು. ಎರಡನೇ ಸಲ ಒಂದು ಪ್ರಶ್ನೆ ಇಟ್ಟುಕೊಂಡು ಹೋದೆವು. ಮಳೆಗಾಲದಲ್ಲೂ ಹಡಗು ನಿಲ್ಲಬಹುದಾದ ಇಷ್ಟು ಒಳ್ಳೆಯ ಬಂದರು ಇದ್ದರೂ ಕಾರವಾರ ಯಾಕೆ ಇನ್ನೊಂದು ಮುಂಬೈ ಆಗಲಿಲ್ಲ? ಈ ಪ್ರಶ್ನೆ ತಲೆಯಲ್ಲಿದ್ದರೆ ಇಲ್ಲಿನ ಒಂದೊಂದು ಜಾಗವೂ ಬೇರೆ ಥರ ಕಾಣುತ್ತದೆ.

ಗುಡ್ಡ, ನದಿ, ದ್ವೀಪ

ಮೊದಲು ಕಾಳಿ ನದಿ ದಾಟಿ ಸದಾಶಿವಗಡದ ಗುಡ್ಡ ಹತ್ತಬೇಕು. ಹೆದ್ದಾರಿ ಮಾಡುವಾಗ ಈ ಗುಡ್ಡವನ್ನೇ ಸೀಳಿದ್ದಾರೆ. ಮೇಲೆ ದುರ್ಗೆಯ ಗುಡಿ, ಬುಡದಲ್ಲಿ ಪೀರ್ ಶಂಸುದ್ದೀನ್ ಖರೋಬಾತ್ ದರ್ಗಾ. ಮೇಲಿಂದ ದಕ್ಷಿಣಕ್ಕೆ ನೋಡಿದರೆ ಕೆಳಗೆ ಕಾಳಿ ಸಮುದ್ರ ಸೇರುವ ಅಳಿವೆ, ಆಚೆ ದಡದಲ್ಲಿ ಊರು, ಊರಿನ ಕೊನೆಗೆ ಸಮುದ್ರದೊಳಕ್ಕೆ ಚಾಚಿಕೊಂಡ ಬೈತಖೋಲ ಗುಡ್ಡ. ಬಂದರಿನ ಗುಟ್ಟು ಆ ಗುಡ್ಡದಲ್ಲಿದೆ. ಮುಂಗಾರಿನ ಅಲೆಗಳು ಬರೋದು ಪಶ್ಚಿಮ ಮತ್ತು ನೈಋತ್ಯದಿಂದ. ಗುಡ್ಡ ಆ ದಿಕ್ಕಿಗೆ ಅಡ್ಡ ನಿಂತಿದೆ, ಬಂದರು ಅದರ ಮರೆಯಲ್ಲಿದೆ. ಗುಡ್ಡದ ಅಂಚು ಸುತ್ತಿಕೊಂಡು ಒಳಗೆ ಬರುವ ಅಲೆ ಹರಡಿ ಬಲ ಕಳೆದುಕೊಳ್ಳುತ್ತದೆ. ಹೊರಗಿನ ಕೂರ್ಮಗಡ, ದೇವಗಡದಂಥ ದ್ವೀಪಗಳು ಒಂದಿಷ್ಟು ಅಲೆಯನ್ನು ಮೊದಲೇ ಮುರಿಯುತ್ತವೆ. ಬೇರೆ ಕಡೆ ಕೋಟಿಗಟ್ಟಲೆ ಸುರಿದು ಕಟ್ಟುವ ಅಲೆತಡೆ ಗೋಡೆಯ ಕೆಲಸವನ್ನು ಇಲ್ಲಿ ನಿಸರ್ಗವೇ ಮುಕ್ಕಾಲು ಮಾಡಿಟ್ಟಿದೆ.

ಇದನ್ನು ಹೊರಗಿನವರು ಬೇಗ ಕಂಡುಕೊಂಡರು. ಕಾರವಾರದ ದಕ್ಷಿಣಕ್ಕೆ, ಬಿಣಗಾ ಕಡೆಯ ಕಡಲಲ್ಲಿ ಅಂಜದೀವ ದ್ವೀಪವಿದೆ. 1498ರಲ್ಲಿ ವಾಸ್ಕೋ ಡ ಗಾಮ ವಾಪಸ್ ಹೋಗುವಾಗ ಅಲ್ಲಿ ಹಡಗು ರಿಪೇರಿ ಮಾಡಿಸಿ, ಸಿಹಿನೀರು ತುಂಬಿಸಿಕೊಂಡ. 1505ರಲ್ಲಿ ಅಲ್ಮೇಡಾ ಅಲ್ಲೇ ಕೋಟೆ ಕಟ್ಟಿಸಿದ. ಆದರೆ ಅದು ಎಲ್ಲರಿಗೂ ಒಗ್ಗಿದ ಜಾಗವಲ್ಲ. ಇಂಗ್ಲೆಂಡಿನ ರಾಜನಿಗೆ ಪೋರ್ಚುಗೀಸ್ ರಾಜಕುಮಾರಿಯ ಜೊತೆ ಬಳುವಳಿಯಾಗಿ ಮುಂಬೈ ಬಂತಲ್ಲ, ಅದನ್ನು ವಶಕ್ಕೆ ಪಡೆಯಲು ಬಂದ ಸೈನ್ಯಕ್ಕೆ ಪೋರ್ಚುಗೀಸ್ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಆ ನಾನೂರು ಚಿಲ್ಲರೆ ಮಂದಿ ಅಂಜದೀವದಲ್ಲಿ ಕಾಯುತ್ತ ಕೂತರು. ಕಾಯಿಲೆಯಲ್ಲಿ ಹೆಚ್ಚಿನವರು ಸತ್ತರು, 1664ರಲ್ಲಿ ಅವರ ನಾಯಕ ಶಿಪ್‌ಮನ್ ಕೂಡ ಸತ್ತ. 1665ರಲ್ಲಿ ಮುಂಬೈ ಇಂಗ್ಲಿಷರ ಕೈಗೆ ಬಂದಾಗ ಅವರಲ್ಲಿ ಉಳಿದಿದ್ದವರು ನೂರರ ಆಸುಪಾಸು. ಮುಂಬೈಯ ಇಂಗ್ಲಿಷ್ ಚರಿತ್ರೆಯ ಮೊದಲ ಅಧ್ಯಾಯ ನಡೆದದ್ದು ಕಾರವಾರದ ಎದುರಿಗೆ!

ಮೆಣಸು ಬಂದ ದಾರಿ

1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಕಂಪನಿ ಕಾರವಾರದಲ್ಲಿ ಕೋಠಿ ತೆರೆಯಿತು. ಆಗಿನ ಕಾರವಾರ ಅಂದರೆ ಈಗಿನ ಪೇಟೆಯಲ್ಲ, ಕಾಳಿ ದಂಡೆಯಲ್ಲಿ ಒಳಗಿರುವ ಕಡವಾಡದ ಕಡೆ. ಕಂಪನಿಯನ್ನು ಎಳೆದದ್ದು ಬರೀ ಕಡಲಲ್ಲ, ಸೋಂದಾ ಸೀಮೆಯ ಕಾಳುಮೆಣಸು. ಹುಬ್ಬಳ್ಳಿ ಕಡೆ ನೇಯ್ದ ನಯವಾದ ಬಟ್ಟೆಯೂ ಘಟ್ಟ ಇಳಿದು ಇಲ್ಲೇ ಹಡಗು ಹತ್ತುತ್ತಿತ್ತು. ಸಾಮಾನೆಲ್ಲ ಮೇಲಿನಿಂದ, ಎತ್ತಿನ ಬೆನ್ನ ಮೇಲೆ. 1665ರಲ್ಲಿ ಶಿವಾಜಿ ಬಂದಾಗ ಇಂಗ್ಲಿಷ್ ಕೋಠಿಯವರೂ ಕಾಣಿಕೆ ಕೊಟ್ಟು ಪಾರಾಗಬೇಕಾಯಿತು. ಹದಿನೆಂಟನೇ ಶತಮಾನದ ಮೊದಲಲ್ಲಿ ಸೋಂದಾ ಅರಸರು ಕಾಳಿಯ ಬಾಯಿ ಕಾಯಲು ಕಟ್ಟಿಸಿದ ಕೋಟೆಯೇ ಸದಾಶಿವಗಡ. ಮುಂದೆ ಅದು ಪೋರ್ಚುಗೀಸರು, ಹೈದರ್, ಇಂಗ್ಲಿಷರ ಕೈ ಬದಲಾಯಿಸುತ್ತಾ ಹೋಯಿತು.

ಹತ್ತಿ ಕಟ್ಟಿದ ಊರು, ರೈಲು ಮರೆತ ಊರು

ಈಗಿನ ಕಾರವಾರ ಪೇಟೆ ಹುಟ್ಟಿದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿ ಬೇಕು, ಅದಕ್ಕೆ ಹತ್ತಿರದ ಬಂದರು ಬೇಕು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಕಾರವಾರ ಮದ್ರಾಸಿನಲ್ಲಿ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಇವತ್ತು ಉತ್ತರ ಕನ್ನಡ, ದಕ್ಷಿಣ ಕನ್ನಡ ಅಂತ ಹೇಳ್ತೀವಲ್ಲ, ಆ ಗೆರೆ ಎಳೆಯುವುದರಲ್ಲಿ ಹತ್ತಿಯ ಪಾಲು ದೊಡ್ಡದು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಘಟ್ಟದಲ್ಲಿ ಗಾಡಿರಸ್ತೆ, ದೇವಗಡದಲ್ಲಿ ದೀಪಸ್ತಂಭ ಬಂದವು. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದದ್ದೂ ಈ ಹೊಸ ಊರಿಗೇ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಕವಿ ಬರೆದದ್ದು ಇಲ್ಲಿಯೇ.

ಎಲ್ಲರೂ ರೈಲಿಗೆ ಕಾಯುತ್ತಿದ್ದರು. ರೈಲು ಬಂತು, ಆದರೆ ಕಾರವಾರಕ್ಕಲ್ಲ. 1888ರಲ್ಲಿ ಮರ್ಮಗೋವಾದಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತುವ ಹಳಿ ಮುಗಿದು ಹುಬ್ಬಳ್ಳಿ ಕಡೆಯ ಸರಕು ಪೋರ್ಚುಗೀಸರ ಬಂದರಿಗೆ ಹರಿಯಿತು. ಕ್ಯಾಸಲ್‌ರಾಕ್ ಇರುವುದು ಉತ್ತರ ಕನ್ನಡದಲ್ಲೇ! ನಮ್ಮದೇ ಜಿಲ್ಲೆಯ ಕಾಡು ದಾಟಿದ ರೈಲು ಗೋವಾಕ್ಕೆ ಇಳಿಯಿತು. ಕಾರವಾರದ ವ್ಯಾಪಾರ ಅಲ್ಲಿಂದ ಸೊರಗಿತು.

ಇಂಥ ಕಥೆ ಸ್ಪೇನಿನಲ್ಲೂ ಇದೆ, ಸ್ವಲ್ಪ ತಿರುಗಾಮುರುಗಾ. ಅಮೆರಿಕದ ವ್ಯಾಪಾರವೆಲ್ಲ ನದಿ ಒಳಗಿನ ಸೆವಿಲ್ ಊರಿನ ಹಿಡಿತದಲ್ಲಿತ್ತು. ನದಿಯ ಮರಳುದಿಬ್ಬ ದಾಟುವುದು ದೊಡ್ಡ ಹಡಗುಗಳಿಗೆ ಕಷ್ಟವಾಗುತ್ತಾ ಬಂತು. 1717ರಲ್ಲಿ ವ್ಯಾಪಾರದ ಕಚೇರಿ ಕಡಲ ಮೇಲಿನ ಕಾಡಿಸ್ ಬಂದರಿಗೆ ಹೋಯಿತು. ಸೆವಿಲ್‌ಗೆ ಕೈಕೊಟ್ಟದ್ದು ನೀರು, ಕಾರವಾರಕ್ಕೆ ಕೈಕೊಟ್ಟದ್ದು ನೆಲ.

ಅಂಕೋಲಾದ ಉಪ್ಪು, ಅದಿರು

ಅಂಕೋಲಾ ಕಾರವಾರದಿಂದ ಸುಮಾರು 35 ಕಿ.ಮೀ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬರುವ ರಸ್ತೆ ಕರಾವಳಿ ಹೆದ್ದಾರಿ ಸೇರುವುದು ಇಲ್ಲೇ. ಈ ದಾರಿ ಬರೀ ಸರಕು ತರಲಿಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ನಾಡಿನ ಬೇರೆ ಬೇರೆ ಕಡೆಯ ಹೋರಾಟಗಾರರು ಇಲ್ಲಿ ಸೇರಿದ್ದರು. ಆಮೇಲೆ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಮನೆ ಜಮೀನು ಕಳೆದುಕೊಂಡರು. ಅಂಕೋಲಾಕ್ಕೆ ‘ಕರ್ನಾಟಕದ ಬಾರ್ಡೋಲಿ’ ಅನ್ನುವ ಹೆಸರು ಬಂದದ್ದು ಹೀಗೆ. ಪೇಟೆಯಲ್ಲಿ ಸ್ಮಾರಕ ಭವನವಿದೆ, ನೋಡದೆ ಬರಬೇಡಿ. ಅದೇ ಘಟ್ಟದ ದಾರಿಯಲ್ಲಿ ಮುಂದೆ ಬಳ್ಳಾರಿಯ ಅದಿರು ಲಾರಿಗಟ್ಟಲೆ ಬೇಲೆಕೇರಿ ಬಂದರಿಗೆ ಬಂತು. 2010ರಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರು ಅಲ್ಲಿಂದ ಮಾಯವಾದ ಸುದ್ದಿ ಎಲ್ಲರಿಗೂ ಗೊತ್ತು.

ಈಗ ಬಂದರು ಯಾರದ್ದು?

ಹಿಂದಿನ ದಾರಿಯ ಹಂಗಿಲ್ಲದೆ ಈ ಕಡಲನ್ನು ಬಳಸಿದ್ದು ನೌಕಾಪಡೆ. ಯುದ್ಧನೌಕೆಗೆ ಬೇಕಾದದ್ದು ಆಳದ ನೀರು ಮತ್ತು ಮರೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಕೆಲಸ ಶುರು ಮಾಡಿತು. ಅದಕ್ಕಾಗಿ ಅರ್ಗಾ, ಬಿಣಗಾದಿಂದ ಅಂಕೋಲಾ ತಾಲ್ಲೂಕಿನವರೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಇಳಿಸುವ ದಡ ಬಿಟ್ಟು ಎದ್ದುಹೋದವು. ಪರಿಹಾರಕ್ಕೆ ಎಷ್ಟೋ ವರ್ಷ ಕೋರ್ಟು ಕಚೇರಿ ಅಲೆದವು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಅಂಜದೀವ ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟಿದ್ದರು. ಆ ದ್ವೀಪ ಈಗ ನೌಕಾನೆಲೆಯೊಳಗಿದೆ. ಪ್ರವಾಸಿಗಳು ದೂರದಿಂದ ನೋಡಬೇಕು, ಅಷ್ಟೇ.

ಊರಿನವರಿಗೆ ಉಳಿದ ಮುಖ್ಯ ದಡ ಟ್ಯಾಗೋರ್ ತೀರ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗೆ ಅಲೆತಡೆ ಕಟ್ಟಲು ಬಂದಾಗ ಮೀನುಗಾರರು ಬೀದಿಗಿಳಿದದ್ದು ಇದಕ್ಕೇ. ‘ಇದೂ ಹೋದರೆ ದೋಣಿ ಎಲ್ಲಿ ಎಳೆಯೋದು?’ ಅನ್ನೋದು ಅವರ ಪ್ರಶ್ನೆ. ಪ್ರಗತಿಗೆ ಅಡ್ಡಿ ಅಂತ ಅದನ್ನು ತಳ್ಳಿಹಾಕುವ ಮುಂಚೆ ನೌಕಾನೆಲೆಗೆ ಬಿಟ್ಟುಕೊಟ್ಟ ಕಡಲತೀರವನ್ನು ನಕ್ಷೆಯಲ್ಲಿ ಒಮ್ಮೆ ಅಳೆದು ನೋಡಿ.

ದಾರಿಯ ಕಥೆಯೂ ಮುಗಿದಿಲ್ಲ. ಕೊಂಕಣ ರೈಲ್ವೆ ಕರಾವಳಿಗುಂಟ ಹೋಗುತ್ತದೆ, ಘಟ್ಟ ಹತ್ತುವುದಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಡು ಮತ್ತು ಕಾಗದದ ನಡುವೆ ನಿಂತಿದೆ. ಅದು ಬೇಕು ಅನ್ನುವವರಿಗೂ ಕಾಡು ಕಡಿಯಬೇಡಿ ಅನ್ನುವವರಿಗೂ ನ್ಯಾಯವಾದ ಕಾರಣವಿದೆ. ಇದ್ದ ರಸ್ತೆ ಅಗಲ ಮಾಡಿದ್ದಕ್ಕೆ ಏನು ಬೆಲೆ ತೆತ್ತೆವು ಅನ್ನೋದನ್ನು 2024ರ ಮಳೆಗಾಲ ತೋರಿಸಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಜಾರಿ, ಚಹಾದಂಗಡಿ, ಲಾರಿ, ಜನರ ಸಮೇತ ಗಂಗಾವಳಿ ನದಿಗೆ ಬಿತ್ತು. ಉಕ್ಕಿದ ನೀರು ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೂ ಅಪ್ಪಳಿಸಿತು. ಮೂರು ವಾರದಲ್ಲೇ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಮೇಲೆತ್ತಿ ಉಳಿಸಿದರು.

ನಾಲ್ಕು ವರ್ಷ ಇಳಿಜಾರಿನ ಸ್ಥಿರತೆ, ಸೇತುವೆಯ ಆಯುಷ್ಯದ ಲೆಕ್ಕವನ್ನು ಪರೀಕ್ಷೆಗೆ ಅಂತ ಓದುವ ನಾವು ಆ ಶಿರೂರಿನ ತಿರುವಿನಲ್ಲಿ ಒಂದು ಕ್ಷಣ ಸುಮ್ಮನಾದೆವು. ಕಾರವಾರಕ್ಕೆ ದಾರಿ ಬೇಕು, ನಿಜ. ಆ ದಾರಿ ಯಾರ ಮನೆ ಮೇಲೆ ಬೀಳಬಾರದು ಅನ್ನೋ ಲೆಕ್ಕ ಮಾತ್ರ ಮುಂದೆ ನಮ್ಮಂಥವರೇ ಹಾಕಬೇಕಾದದ್ದು.

ಹೋಗುವವರಿಗೆ ಒಂದು ಮಾತು: ಬೆಳಿಗ್ಗೆ ಸದಾಶಿವಗಡ, ಮಧ್ಯಾಹ್ನ ಬೈತಖೋಲದ ಮೀನುಗಾರಿಕೆ ಬಂದರು, ಸಂಜೆ ಟ್ಯಾಗೋರ್ ತೀರ. ಮರುದಿನ ಅಂಕೋಲಾ. ಮೇ ತಿಂಗಳಾದರೆ ಅಂಕೋಲಾದ ಕರಿ ಇಶಾಡ ಮಾವು ಬಿಡಬೇಡಿ. ವಾಪಸ್ ಬರುವಾಗ ಅರಬೈಲ್ ಘಟ್ಟದಲ್ಲಿ ನಿದ್ದೆ ಮಾಡದೆ ಕಿಟಕಿ ಪಕ್ಕ ಕೂತುಕೊಳ್ಳಿ. ಮೆಣಸು, ಬಟ್ಟೆ, ಹತ್ತಿ ಇಂಥ ಘಟ್ಟಗಳನ್ನೇ ಇಳಿದು ಕಡಲು ಸೇರಿದ್ದು.