ಕಣ್ಣಿಗೆ ಬೀಳದ ಕಡಲ್ಗುದುರೆ

1969ರಲ್ಲಿ ನ್ಯೂ ಕ್ಯಾಲಿಡೋನಿಯಾದ ನೂಮೆಯಾ ಅಕ್ವೇರಿಯಂಗೆಂದು ಜಾರ್ಜ್ ಬಾರ್ಜಿಬಾಂ ಕಡಲಿನಿಂದ ಬೀಸಣಿಗೆ ಹವಳವೊಂದನ್ನು ಕಿತ್ತು ತಂದರು. ಮೇಜಿನ ಮೇಲಿಟ್ಟು ಪರೀಕ್ಷಿಸುವಾಗಷ್ಟೇ ರೆಂಬೆಗೆ ಬಾಲ ಸುತ್ತಿಕೊಂಡಿದ್ದ ಪುಟ್ಟ ಕಡಲ್ಗುದುರೆಗಳ ಜೋಡಿ ಕಂಡಿತು. ಮರುವರ್ಷ ಅವರ ಹೆಸರೇ ಅದಕ್ಕೆ ಬಂತು: ಹಿಪ್ಪೊಕ್ಯಾಂಪಸ್ ಬಾರ್ಜಿಬಾಂಟಿ. ಉದ್ದ ಎರಡು ಸೆಂಟಿಮೀಟರಿನ ಆಸುಪಾಸು.

ಇದರ ಮೈಮೇಲಿನ ಕೆಂಪು ಗಂಟುಗಳು ಹವಳದ ಮುಚ್ಚಿದ ಪಾಲಿಪ್‌ಗಳದ್ದೇ ಪಡಿಯಚ್ಚು. ಮೈಬಣ್ಣ ರೆಂಬೆಯದ್ದು, ಮೂತಿ ಮೊಂಡು. ಎದುರಿಗಿದ್ದರೂ ಕಣ್ಣು ಜಾರಿಹೋಗುತ್ತದೆ. ಹತ್ತಿರದಿಂದ ನೋಡಿದರೆ ಆ ಗಂಟುಗಳ ನಡುವೆ ಕಪ್ಪು ಚುಕ್ಕಿಯ ಕಣ್ಣೊಂದು ಹೊರಳುತ್ತದೆ. ಗುರುತು ಸಿಗುವುದು ಆಗಲೇ.

ಚಿತ್ರ ತೆಗೆಯುವುದು ಇನ್ನೂ ಕಷ್ಟ. ನೀರು ಮೊದಲು ನುಂಗುವುದು ಕೆಂಪನ್ನು. ಇಪ್ಪತ್ತು ಮೀಟರ್ ಕೆಳಗೆ ಆ ಗಂಟುಗಳು ಬೂದು ಬಣ್ಣದವು. ಸ್ಟ್ರೋಬ್ ದೀಪ ಬೆಳಗಿದಾಗಲೇ ನಿಜಬಣ್ಣ ಏಳುವುದು. ಮ್ಯಾಕ್ರೊ ಲೆನ್ಸಿನಲ್ಲಿ ಕೆಲವೇ ಮಿಲಿಮೀಟರ್ ಸ್ಪಷ್ಟವಾಗಿರುತ್ತದೆ: ಕಣ್ಣು ಸಿಕ್ಕರೆ ಬಾಲ ಮಸುಕು. ಸೆಳೆತಕ್ಕೆ ಬೀಸಣಿಗೆ ತೂಗುತ್ತದೆ, ಕುದುರೆ ಬೆನ್ನು ತಿರುಗಿಸುತ್ತದೆ, ಅಷ್ಟು ಆಳದಲ್ಲಿ ಉಳಿಯಲು ಸಿಗುವ ಸಮಯವೂ ಮಿತ. ಕಡ್ಡಿಯಿಂದ ತಳ್ಳಿ ಮುಖ ತಿರುಗಿಸುವ ಆಸೆ ಹುಟ್ಟುವುದು ಇಲ್ಲೇ. ಅದು ಶುದ್ಧ ಕ್ರೌರ್ಯ. ಕಡಲ್ಗುದುರೆಯಂಥ ಜೀವಿಗಳಿಗೆ ಫ್ಲ್ಯಾಶ್‌ ಬೆಳಕಿಗಿಂತ ಮುಟ್ಟಿ ಕದಲಿಸುವುದೇ ಹೆಚ್ಚು ಬಾಧೆ ಎಂದು 2019ರ ಅಧ್ಯಯನವೊಂದು ತೋರಿಸಿದೆ.

ಹಾಗೆಂದು ಕ್ಯಾಮೆರಾವನ್ನು ದೂರಬೇಕಿಲ್ಲ. 2003ರಲ್ಲಿ ಹೆಸರು ಪಡೆದ ಹಿಪ್ಪೊಕ್ಯಾಂಪಸ್ ಡೆನೀಸ್ ನೆನಪಿಸುವುದು ನೀರೊಳಗಿನ ಛಾಯಾಗ್ರಾಹಕಿ ಡೆನೀಸ್ ಟ್ಯಾಕೆಟ್ ಅವರನ್ನು. ಇಂಡೊನೇಷ್ಯಾದ ಡೆರಾವಾನ್‌ನ, ಒಂದೂವರೆ ಸೆಂಟಿಮೀಟರೂ ಇಲ್ಲದ ಹಿಪ್ಪೊಕ್ಯಾಂಪಸ್ ಸಟೊಮಿಯೆಗೆ 2008ರಲ್ಲಿ ಬಂದದ್ದು ಡೈವ್ ಗೈಡ್ ಸಟೊಮಿ ಒನಿಶಿ ಅವರ ಹೆಸರು. ನೀರೊಳಗೆ ಕಣ್ಣಿಟ್ಟು ನೋಡುವವರಿಗೆ ಸಂದ ಗೌರವ ಇದು. ಒಂದು ಬೀಸಣಿಗೆ ಹವಳವನ್ನೂ ಕೀಳದೆ, ಅದರಲ್ಲಿ ಯಾರು ಬಾಳುತ್ತಾರೆಂದು ಜಗತ್ತಿಗೆ ತೋರಿಸಬಲ್ಲದ್ದು ಇಂಥವರ ಚಿತ್ರವೇ.

ನಮ್ಮವರೂ ಈಗ ಮುರ್ಡೇಶ್ವರದಿಂದ ನೇತ್ರಾಣಿಗೆ, ಅಂಡಮಾನಿಗೆ ಕ್ಯಾಮೆರಾ ಹಿಡಿದು ಇಳಿಯುತ್ತಿದ್ದಾರೆ. ಭಾರತದಲ್ಲಿ ಕಡಲ್ಗುದುರೆಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಇಳಿಯುವವರು ಮೊದಲು ನೀರಲ್ಲಿ ಅಲುಗದೆ ತೇಲುವುದನ್ನು ಕಲಿಯಲಿ, ಕ್ಯಾಮೆರಾ ಆಮೇಲೆ ಕೊಳ್ಳಲಿ. ಬೆನ್ನು ತಿರುಗಿಸಿದ ಜೀವಿಯನ್ನು ದಯವಿಟ್ಟು ಅದರ ಪಾಡಿಗೆ ಬಿಟ್ಟು ಮೇಲೆ ಬನ್ನಿ.