ಫಸ್ಟ್ ಬಂದವರಿಗೆ ಶಾಲು, ನೆರವಿಗೆ ಬಂದವರಿಗೆ?

ಓದು, ಆಟ, ಹಾಡಿಗೆ ಬಹುಮಾನ ಕೊಡೋದು ನಮಗೆ ಗೊತ್ತು. ಸದ್ದಿಲ್ಲದೆ ಇನ್ನೊಬ್ಬರಿಗೆ ನೆರವಾಗುವ ಹೈಸ್ಕೂಲ್ ಮಕ್ಕಳನ್ನು ಗುರುತಿಸೋದು ಹೇಗೆ?

ಅವತ್ತು ಆಗಸ್ಟ್ 15. ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಬಂದ ಪಕ್ಕದ ಮನೆಯ ಹುಡುಗಿ, ಕೈಯಲ್ಲಿದ್ದ ಲಾಡಿನ ಪೊಟ್ಟಣವನ್ನು ಊಟದ ಟೇಬಲ್ ಮೇಲಿಟ್ಟು ಸುಮ್ಮನೆ ಕೂತಳಂತೆ. ‘ಯಾಕೇ, ಏನಾಯ್ತು?’ ಅಂತ ಅಮ್ಮ ಎರಡು ಸಲ ಕೇಳಿದ ಮೇಲೆ ಹೇಳಿದ್ದು ಇಷ್ಟೇ: ‘ಏನಿಲ್ಲಮ್ಮ, ನಾನು ಮಾಡಿದ್ದು ಶಾಲೇಲಿ ಯಾರಿಗೂ ನೆನಪೇ ಇಲ್ಲ.’

ಅವಳು ಮಾಡಿದ್ದೇನು? ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಕಣ್ಣು ಕಾಣದ ಒಬ್ಬ ಹುಡುಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದುಕೊಟ್ಟಿದ್ದಳು. ಇಂಥವರನ್ನು ಸ್ಕ್ರೈಬ್ ಅಂತಾರೆ. ಪರೀಕ್ಷೆ ಕೊಡುವವರು ಉತ್ತರ ಹೇಳುತ್ತಾ ಹೋಗುತ್ತಾರೆ, ಇವರು ಬರೆಯುತ್ತಾ ಹೋಗಬೇಕು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹತ್ತನೆಯವರೇ ಬರೆದರೆ ಉತ್ತರ ಯಾರದ್ದೆಂಬ ಅನುಮಾನ ಬರುತ್ತದಲ್ಲ, ಅದಕ್ಕೆ ಸಾಮಾನ್ಯವಾಗಿ ಕೆಳಗಿನ ಕ್ಲಾಸಿನ ಮಕ್ಕಳನ್ನು ಹುಡುಕುತ್ತಾರೆ. ಕೆಲವು ಕಡೆ ಪರೀಕ್ಷೆ ಹತ್ತಿರ ಬಂದರೂ ಸ್ಕ್ರೈಬ್ ಸಿಗದೆ ಪರದಾಡುವ ಮಕ್ಕಳಿದ್ದಾರೆ.

ಕ್ಲಾಸ್ ಟೀಚರ್ ಬಂದು ಕೇಳಿದಾಗ ಇವಳ ಅಮ್ಮ ಮೊದಲು ಒಪ್ಪಿರಲಿಲ್ಲ. ‘ಅಲ್ಲಾ ರೀ, ಇವಳಿಗೇ ಆ್ಯನುಯಲ್ ಪರೀಕ್ಷೆ ಇದೆ. ಆರು ಪೇಪರ್ ಅಂದ್ರೆ ಆರು ದಿನ ಹೋಯ್ತು. ಇದೆಲ್ಲ ನಮಗೆ ಯಾಕೆ ಬೇಕಿತ್ತು?’ ಅಂತ ನನ್ನ ಹತ್ತಿರವೇ ಹೇಳಿಕೊಂಡಿದ್ದರು. ಹುಡುಗಿ ಹಟ ಮಾಡಿ ಹೋದಳು. ಆರೂ ದಿನ ಬರೆದಳು. ಗಣಿತದ ಪೇಪರಿನ ದಿನ ಮನೆಗೆ ಬಂದವಳು ಊಟವನ್ನೇ ಮಾಡಲಿಲ್ಲವಂತೆ. ‘ಆ ಅಕ್ಕ ಕೂಡೋದ್ರಲ್ಲಿ ಒಂದು ತಪ್ಪು ಮಾಡಿದ್ರಮ್ಮ. ನಂಗೆ ಗೊತ್ತಾಯ್ತು. ಆದ್ರೆ ತಿದ್ದೋ ಹಾಗಿಲ್ವಲ್ಲ. ಅವರು ಹೇಳಿದ್ದನ್ನೇ ಬರೆದು ಬಂದೆ’ ಅಂದಳಂತೆ.

ಯೋಚನೆ ಮಾಡಿ, ಹದಿನಾಲ್ಕು ವರ್ಷದ ಹುಡುಗಿಗೆ ಇದು ಎಷ್ಟು ದೊಡ್ಡ ಪಾಠ! ಆದರೆ ಆಗಸ್ಟ್ 15ರಂದು ವೇದಿಕೆಗೆ ಕರೆದದ್ದು ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಬಂದವರನ್ನು, ಖೋಖೋದಲ್ಲಿ ಕಪ್ ತಂದವರನ್ನು. ಅವರಿಗೆ ಶಾಲು, ಹಾರ, ಫೋಟೊ. ಅದು ಬೇಡ ಅಂತಲ್ಲ, ಅವರೂ ಕಷ್ಟಪಟ್ಟಿದ್ದಾರೆ. ಆದರೆ ಇವಳ ಹೆಸರು ಒಂದು ಸಲ ಮೈಕಿನಲ್ಲಿ ಬಂದಿದ್ದರೆ ಯಾರ ಗಂಟು ಹೋಗ್ತಿತ್ತು?

ಫೈಲು ತುಂಬ ಸರ್ಟಿಫಿಕೇಟು

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಮನೆ ನನಗೆ ಗೊತ್ತು. ಅಲ್ಲಿನ ಹುಡುಗನ ಹತ್ತಿರ ಸಮಾಜಸೇವೆಯ ಸರ್ಟಿಫಿಕೇಟುಗಳ ಒಂದು ದಪ್ಪ ಫೈಲೇ ಇದೆ. ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಟ್ಟ ಫೋಟೊ ಇದೆ. ವೃದ್ಧಾಶ್ರಮದಲ್ಲಿ ಬಾಳೆಹಣ್ಣು ಹಂಚಿದ ಫೋಟೊ ಇದೆ. ಎಷ್ಟು ಗಂಟೆ ಸೇವೆ ಮಾಡಿದ ಅನ್ನೋ ಲೆಕ್ಕದ ಪುಸ್ತಕವನ್ನು ತುಂಬೋದು ಅವನಮ್ಮ! ‘ಮುಂದೆ ಫಾರಿನ್ ಕಾಲೇಜಿಗೆ ಅಪ್ಲೈ ಮಾಡೋವಾಗ ಇವೆಲ್ಲ ಬೇಕಾಗುತ್ತಂತೆ’ ಅಂತಾರೆ. ನೆಟ್ಟ ಗಿಡ ಏನಾಯ್ತು ಅಂತ ಕೇಳಿದೆ. ಆ ಕಡೆ ಹೋಗೇ ಇಲ್ಲ ಅಂದ ಹುಡುಗ, ಪಾಪ, ಸತ್ಯವನ್ನೇ ಹೇಳಿದ.

ಒಂದು ಮನೆಯಲ್ಲಿ ಕೆಲಸವಿದೆ, ಗುರುತಿಸುವವರಿಲ್ಲ. ಇನ್ನೊಂದರಲ್ಲಿ ಗುರುತು ಬೇಕಾದಷ್ಟಿದೆ, ಕೆಲಸವೇ ಇಲ್ಲ. ಹಾಗಾದರೆ ಅಮ್ಮಂದಿರಾದ ನಾವು ಏನು ಮಾಡಬೇಕು?

ಬಹುಮಾನದ ಆಸೆ ತೋರಿಸಿದರೆ...

1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸೋದು ಅಂದರೆ ಪ್ರಾಣ ಅನ್ನುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ರಿಬ್ಬನ್ ಅಂಟಿಸಿದ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಎರಡನೇ ಗುಂಪಿಗೆ ಮೊದಲು ಏನೂ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಚಿತ್ರ ಬಿಡಿಸುವ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೊಟ್ಟವರ ಉತ್ಸಾಹ ಕುಗ್ಗಿರಲಿಲ್ಲ.

2008ರಲ್ಲಿ ಜರ್ಮನಿಯಲ್ಲಿ ಇನ್ನೊಂದು ಪ್ರಯೋಗವಾಯಿತು. ಇನ್ನೂ ಎರಡು ವರ್ಷ ತುಂಬದ ಕಂದಮ್ಮಗಳು, ಯಾರಾದರೂ ಬೀಳಿಸಿದ ವಸ್ತುವನ್ನು ತಾವಾಗಿಯೇ ಎತ್ತಿಕೊಡುತ್ತಿದ್ದವು. ಎತ್ತಿಕೊಟ್ಟಾಗಲೆಲ್ಲ ಆಟಿಕೆ ಪಡೆದ ಮಕ್ಕಳು, ಆಟಿಕೆ ನಿಲ್ಲಿಸಿದ ಮೇಲೆ ಸಹಾಯ ಮಾಡೋದನ್ನೂ ಕಡಿಮೆ ಮಾಡಿದವು. ಬರೀ ಮೆಚ್ಚುಗೆಯ ಮಾತು ಕೇಳಿದವು ಹಾಗೆ ಮಾಡಲಿಲ್ಲ.

ಇವೆಲ್ಲ ಚಿಕ್ಕ ಮಕ್ಕಳ ವಿಷಯ, ಹೈಸ್ಕೂಲ್ ಮಕ್ಕಳಿಗೆ ಹಾಗೆಹಾಗೇ ಅನ್ವಯಿಸಬೇಕಾಗಿಲ್ಲ. ಆದರೂ ತಿಳಿಯಬೇಕಾದ್ದು ಒಂದಿದೆ. ಬಹುಮಾನವನ್ನು ಮುಂದೆ ಹಿಡಿದು ಸೇವೆಗೆ ಕಳಿಸಬೇಡಿ. ಸೇವೆ ಆದ ಮೇಲೆ ಮೆಚ್ಚೋದನ್ನು ಮಾತ್ರ ಮರೀಬೇಡಿ.

ಈಗಾಗಲೇ ಏನೇನು ಇದೆ?

ಮಕ್ಕಳ ಸೇವೆಯನ್ನು ಗುರುತಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತೇನಿಲ್ಲ. ಎಷ್ಟೋ ಅಮ್ಮಂದಿರಿಗೆ ಗೊತ್ತಿರೋದಿಲ್ಲ, ಅಷ್ಟೇ.

ಸ್ಕೌಟ್ಸ್ ಮತ್ತು ಗೈಡ್ಸ್: ದಿನಕ್ಕೊಂದಾದರೂ ಒಳ್ಳೆಯ ಕೆಲಸ ಮಾಡು ಅನ್ನೋದು ಇಲ್ಲಿನ ಹಳೇ ಪಾಠ. 1907ರಲ್ಲಿ ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ ನಡೆಸಿದ ಒಂದು ಪುಟ್ಟ ಶಿಬಿರದಿಂದ ಶುರುವಾದದ್ದು. ನಮ್ಮಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ 1950ರಲ್ಲಿ ರೂಪುಗೊಂಡಿತು. ಪ್ರವೇಶದ ನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕು, ಒಂದೇ ದಿನದ ಫೋಟೊದಿಂದ ಸಿಗೋದಿಲ್ಲ.

ಎನ್‌ಎಸ್‌ಎಸ್: ಪಿಯುಸಿ ಸೇರಿದ ಮೇಲೆ ಇದಕ್ಕೆ ಸೇರಬಹುದು. ಗಾಂಧೀಜಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಶುರುವಾಯಿತು. ‘ನನಗಲ್ಲ, ನಿನಗೆ’ ಅನ್ನೋದು ಇದರ ಧ್ಯೇಯವಾಕ್ಯ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಇಷ್ಟು ಮಾಡಿದವರಿಗೇ ಸರ್ಟಿಫಿಕೇಟ್.

ಶಾಲಾ ಬೋರ್ಡುಗಳು: ಐಸಿಎಸ್‌ಇ ಶಾಲೆಗಳಲ್ಲಿ ಸಮಾಜೋಪಯೋಗಿ ಕೆಲಸ ಮತ್ತು ಸೇವೆಗೆ ಶಾಲೆಯೇ ಗ್ರೇಡ್ ಕೊಡುತ್ತದೆ. ಸಿಬಿಎಸ್‌ಇ 2018ರಲ್ಲಿ 9ರಿಂದ 12ನೇ ತರಗತಿಯ ದೈಹಿಕ ಶಿಕ್ಷಣದ ಜೊತೆಗೆ ‘ಸೇವಾ’ ಅನ್ನುವ ಭಾಗವನ್ನು ಸೇರಿಸಿತು. ಇವನ್ನು ಬರೀ ಪ್ರಾಜೆಕ್ಟ್ ಅಂತ ಅಮ್ಮನೇ ಮಾಡಿ ಮುಗಿಸಿದರೆ ಉದ್ದೇಶ ಮಣ್ಣುಪಾಲು.

ರಾಷ್ಟ್ರೀಯ ಬಾಲ ಪುರಸ್ಕಾರ: ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರದಲ್ಲಿ ಸಮಾಜಸೇವೆಯೂ ಒಂದು ವಿಭಾಗ. 2024ರ ಡಿಸೆಂಬರ್ 26ರಂದು ರಾಷ್ಟ್ರಪತಿಗಳಿಂದ ಇದನ್ನು ಪಡೆದವರು ಎಲ್ಲ ವಿಭಾಗ ಸೇರಿ 17 ಮಕ್ಕಳು. ಇಡೀ ದೇಶಕ್ಕೆ ಹದಿನೇಳು! ಅಂದರೆ ನಮ್ಮ ನಿಮ್ಮ ಮಕ್ಕಳ ಸಣ್ಣಪುಟ್ಟ ಒಳ್ಳೆ ಕೆಲಸಗಳನ್ನು ದೆಹಲಿಯವರು ಬಂದು ನೋಡಲಿ ಅಂತ ಕಾಯೋ ಹಾಗಿಲ್ಲ. ಅದನ್ನು ಮನೆ, ಬೀದಿ, ಶಾಲೆಗಳೇ ನೋಡಬೇಕು.

ಮನೆಯಲ್ಲಿ ನೀವು ಹೀಗೆ ಮಾಡಿ

* ‘ವೆರಿ ಗುಡ್’ ಅಂದು ಮುಗಿಸಬೇಡಿ. ಏನು ಚೆನ್ನಾಗಿತ್ತು ಅಂತ ಬಿಡಿಸಿ ಹೇಳಿ. ‘ತಪ್ಪು ಅಂತ ಗೊತ್ತಿದ್ರೂ ತಿದ್ದದೆ ಬರೆದೆಯಲ್ಲ, ಅದು ನಂಗೆ ತುಂಬಾ ಹಿಡಿಸ್ತು’ ಅಂದರೆ, ನೀವು ನಿಜವಾಗಲೂ ಕೇಳಿಸಿಕೊಂಡಿದ್ದೀರಿ ಅಂತ ಮಗುವಿಗೆ ಗೊತ್ತಾಗುತ್ತದೆ.

* ಅಪ್ಪ, ಅಜ್ಜಿ, ತಾತನ ಮುಂದೆ ಒಂದು ಸಲ ಹೇಳಿ. ಆದರೆ ಬಂದ ನೆಂಟರ ಮುಂದೆಲ್ಲ ಮಗುವನ್ನು ನಿಲ್ಲಿಸಿ ಕಥೆ ಹೇಳಿಸಬೇಡಿ. ಈ ವಯಸ್ಸಿನವರಿಗೆ ಮುಜುಗರ ಜಾಸ್ತಿ.

* ‘ನೋಡು, ಅವಳನ್ನು ನೋಡಿ ಕಲಿ’ ಅಂತ ತಮ್ಮನಿಗೋ ತಂಗಿಗೋ ಹೋಲಿಸಬೇಡಿ. ಅಕ್ಕನ ಒಳ್ಳೇತನ ತಂಗಿಗೆ ಶಿಕ್ಷೆ ಆಗಬಾರದು.

* ದುಡ್ಡು, ಮೊಬೈಲು, ಹೊಸ ಡ್ರೆಸ್ಸಿನ ಆಸೆ ತೋರಿಸಬೇಡಿ. ಕೆಲಸ ಮುಗಿಸಿ ಬಂದ ದಿನ ಇಷ್ಟದ ತಿಂಡಿ ಮಾಡಿಕೊಡಿ, ಸಾಕು.

* ವಾರಕ್ಕೆ ಎರಡು ಗಂಟೆ ಬಿಟ್ಟುಕೊಡಿ. ಎರಡು ಗಂಟೆಗೆ ಓದು ಹಾಳಾಗೋದಿಲ್ಲ. ಪರೀಕ್ಷೆ ಹತ್ತಿರವಿದ್ದರೆ ಒಂದು ತಿಂಗಳು ನಿಲ್ಲಿಸಬಹುದು. ಆದರೆ ನಿಲ್ಲಿಸೋದನ್ನು ಅಲ್ಲಿನವರಿಗೆ ಮೊದಲೇ ಹೇಳಿಬರೋದನ್ನು ಮಗುವಿಗೆ ಕಲಿಸಿ. ಕಾಯುವವರನ್ನು ಕಾಯಿಸಬಾರದು.

* ಲೆಕ್ಕದ ಪುಸ್ತಕವನ್ನು ಮಗುವೇ ಬರೆಯಲಿ. ಎಷ್ಟು ಗಂಟೆ ಅನ್ನೋದರ ಜೊತೆಗೆ, ಇವತ್ತು ಯಾರನ್ನು ನೋಡಿದೆ, ಏನು ತಿಳೀತು ಅಂತ ಎರಡು ಸಾಲು ಇರಲಿ.

ಶಾಲೆಯಲ್ಲಿ ಬಾಯಿಬಿಟ್ಟು ಕೇಳಿ

ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಬರೋದಷ್ಟೇ ನಮ್ಮ ಕೆಲಸ ಅಂದುಕೊಂಡಿದ್ದೇವೆ. ಈ ಸಲ ಒಂದು ಮಾತು ಕೇಳಿ ನೋಡಿ. ಬೆಳಗಿನ ಪ್ರಾರ್ಥನೆಯಲ್ಲಿ ಸುದ್ದಿ ಓದುವಾಗ, ನೆರವಾದ ಮಕ್ಕಳ ಬಗ್ಗೆಯೂ ವಾರಕ್ಕೊಮ್ಮೆ ಒಂದು ಸಾಲು ಓದಬಹುದಲ್ಲ? ವಾರ್ಷಿಕೋತ್ಸವದ ಬಹುಮಾನದ ಪಟ್ಟಿಯಲ್ಲಿ ಒಂದು ಪುಸ್ತಕ ಇವರಿಗೂ ಇಡಬಹುದಲ್ಲ? ಸ್ಟೇಟ್ ಸಿಲಬಸ್ ಶಾಲೆಯೇ ಇರಲಿ, ಬೇರೆ ಯಾವುದೇ ಇರಲಿ, ಇದಕ್ಕೆ ಖರ್ಚಿಲ್ಲ.

ಒಂದು ಎಚ್ಚರಿಕೆ ಇರಲಿ. ಇದರಲ್ಲೂ ಫಸ್ಟ್, ಸೆಕೆಂಡ್, ಥರ್ಡ್ ಅಂತ ಮಾಡಿದರೆ ಮತ್ತೆ ಅದೇ ಓಟ. ಹೆಚ್ಚು ಗಂಟೆ ತೋರಿಸಿದವರೇ ದೊಡ್ಡವರು ಅಂತ ಆಗಿಬಿಡುತ್ತದೆ. ಮನೆಯಲ್ಲೇ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡು ಶಾಲೆಗೆ ಬರುವ ಹುಡುಗಿ, ಬೆಳಗ್ಗೆ ಪೇಪರ್ ಹಾಕಿ ಮನೆಗೆ ದುಡಿಯುವ ಹುಡುಗ, ಇವರಿಗೆ ಹೊರಗೆ ಹೋಗಿ ಸೇವೆ ಮಾಡೋಕೆ ಪುರುಸೊತ್ತೆಲ್ಲಿ? ಅವರು ಮಾಡುತ್ತಿರುವುದೇ ಸೇವೆ. ಪಟ್ಟಿ ಮಾಡುವ ಟೀಚರಿಗೆ ಇದನ್ನೂ ನೆನಪಿಸಿ.

ಗಮನವಿರಲಿ

* ಮಗು ಎಲ್ಲಿಗೆ ಹೋಗುತ್ತದೆ, ಅಲ್ಲಿ ಜವಾಬ್ದಾರಿ ಯಾರದ್ದು ಅಂತ ಮೊದಲು ನೀವೇ ಹೋಗಿ ನೋಡಿ ಬನ್ನಿ. ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

* ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಗೆಳತಿಯೋ ಟೀಚರೋ ಇರಲಿ. ಹೆಣ್ಣಾಗಲಿ ಗಂಡಾಗಲಿ, ಕತ್ತಲಾಗುವ ಮುಂಚೆ ಮನೆಯಲ್ಲಿರಲಿ.

* ಸಹಾಯ ಪಡೆಯುವವರ ಫೋಟೊವನ್ನು ಅವರನ್ನು ಕೇಳದೆ ತೆಗೆಯಬಾರದು, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಬಾರದು. ಕೈಚಾಚಿ ನಿಂತವರಿಗೂ ಮಾನವಿದೆ.

* ಹಣ ಸಂಗ್ರಹಕ್ಕೆ ಮನೆಮನೆಗೆ ಕಳಿಸುವ ಸಂಸ್ಥೆಯಾದರೆ ಯಾರು, ಏನು, ರಸೀದಿ ಇದೆಯಾ ಅಂತ ವಿಚಾರಿಸದೆ ಒಪ್ಪಬೇಡಿ.

ಆಮೇಲೇನಾಯ್ತು?

ಪಕ್ಕದ ಮನೆಯ ಹುಡುಗಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅವಳಮ್ಮ ಮಾರನೇ ದಿನ ಶಾಲೆಗೆ ಹೋದರು. ಜಗಳಕ್ಕಲ್ಲ. ‘ಆ ಮಗು ಪಾಸಾಯ್ತಾ ಟೀಚರ್? ಇವಳು ಕೇಳ್ತಾನೇ ಇದ್ದಾಳೆ’ ಅಂತ ವಿಚಾರಿಸೋದಕ್ಕೆ. ಟೀಚರಿಗೂ ನಾಚಿಕೆಯಾಯಿತು, ಕೂಡಲೇ ಆ ಹಾಸ್ಟೆಲಿಗೆ ಫೋನ್ ಮಾಡಿದರು.

ಮುಂದಿನ ಭಾನುವಾರ ಆ ಹುಡುಗಿ ತನ್ನಮ್ಮನ ಕೈ ಹಿಡಿದು ಇವರ ಮನೆಗೇ ಬಂದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಪಿಯುಸಿ ಆರ್ಟ್ಸ್ ಸೇರಿದ್ದಾಳೆ. ಅವಳಮ್ಮ ಚಕ್ಕುಲಿ ಮಾಡಿ ತಂದಿದ್ದರು. ಹೇಳಿಕಳಿಸಿದರೆಂದು ನಾನೂ ಹೋಗಿದ್ದೆ. ನಮ್ಮ ಹುಡುಗಿಗೆ ಗಣಿತದ ಆ ಒಂದು ತಪ್ಪು ಇನ್ನೂ ಕೊರೆಯುತ್ತಿತ್ತು. ಹೇಳಿಯೇಬಿಟ್ಟಳು. ಆಕೆ ಜೋರಾಗಿ ನಕ್ಕು ಅಂದಳು: ‘ಅಯ್ಯೋ, ನೀನು ತಿದ್ದದೇ ಇದ್ದದ್ದೇ ಒಳ್ಳೇದಾಯ್ತು ಕಣೇ. ಇಷ್ಟೂ ಮಾರ್ಕ್ಸ್ ನಂದೇ ಅಂತ ಈಗ ಧೈರ್ಯವಾಗಿ ಹೇಳ್ತೀನಿ.’

ಅವತ್ತು ಇವಳ ಮುಖ ನೋಡಬೇಕಿತ್ತು ನೀವು. ಈ ಮಾರ್ಚಿಗೆ ಅವಳದ್ದೇ ಎಸ್ಸೆಸ್ಸೆಲ್ಸಿ ಇರೋದರಿಂದ ಬರೆಯೋಕೆ ಹೋಗುವ ಹಾಗಿಲ್ಲ. ಅದಕ್ಕೆ ತನ್ನ ಬದಲು ಒಂಬತ್ತನೇ ಕ್ಲಾಸಿನ ಇಬ್ಬರನ್ನು ಈಗಲೇ ಒಪ್ಪಿಸಿದ್ದಾಳಂತೆ. ಅವರಲ್ಲಿ ಒಬ್ಬಳ ಅಮ್ಮ ಇನ್ನೂ ಯೋಚನೆ ಮಾಡ್ತಿದ್ದಾರೆ. ‘ಇವಳಿಗೇ ಪರೀಕ್ಷೆ ಇದೆಯಲ್ಲ’ ಅಂತ.

ಅವರ ಜೊತೆ ಮಾತಾಡೋಕೆ ಈ ಸಲ ನಮ್ಮ ಪಕ್ಕದ ಮನೆಯವರೇ ಹೋಗ್ತಿದ್ದಾರೆ. ನಿಮ್ಮ ಬೀದಿಯಲ್ಲೂ ಇಂಥ ಒಂದು ಮಗು ಇದ್ದೇ ಇರುತ್ತದೆ. ಸಿಕ್ಕಾಗ ಒಂದು ಮಾತು ಆಡಿ.