ಚಕ್ರದ ನಟ್ಟು

ಎತ್ತಿನ ಬಂಡಿಯನ್ನು ಹತ್ತಿರದಿಂದ ಕಂಡವರು ಅದರ ಅಚ್ಚಿನ ತುದಿಯಲ್ಲಿರುವ ಕಡಾಣಿಯನ್ನೂ ಕಂಡಿರುತ್ತಾರೆ. ಬೆರಳುದ್ದದ ಆ ಕಬ್ಬಿಣದ ಕೀಲು ಕಳಚಿದರೆ ಚಕ್ರವು ಅಚ್ಚಿನಿಂದ ಜಾರಿ ಹೊರಬೀಳುತ್ತದೆ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಬಿದ್ದುಹೋದಾಗ ಕೈಕೇಯಿಯು ಆ ಸ್ಥಳದಲ್ಲಿ ತನ್ನ ಬೆರಳನ್ನೇ ಇರಿಸಿ ಪತಿಯನ್ನು ಕಾಪಾಡಿದಳೆಂಬ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ಮೋಟಾರು ಕಾರಿನಲ್ಲಿ ಆ ಕಡಾಣಿಯ ಹೊಣೆಯನ್ನು ಹೊತ್ತಿರುವುವು ನಾಲ್ಕೋ ಐದೋ ನಟ್ಟುಗಳು. ಆದರೆ ಕಡಾಣಿಯು ಕೆಲಸ ಮಾಡುವ ರೀತಿಯೇ ಬೇರೆ, ನಟ್ಟು ಕೆಲಸ ಮಾಡುವ ರೀತಿಯೇ ಬೇರೆ. ಈ ಭೇದವನ್ನು ಅರಿಯದವರ ಕೈಯಲ್ಲಿಯೇ ಚಕ್ರದ ನಟ್ಟುಗಳು ಹೆಚ್ಚಾಗಿ ಕೆಡುತ್ತವೆ.

ಕಾರಿನ ಚಕ್ರವನ್ನು ಕಳಚಿದಾಗ ಒಳಗಡೆ ದುಂಡನೆಯ ಲೋಹದ ತಟ್ಟೆಯೊಂದು ಕಾಣುತ್ತದೆ. ಚಕ್ರದೊಡನೆ ತಿರುಗುವ ಈ ಭಾಗಕ್ಕೆ ಹಬ್ ಎಂದು ಹೆಸರು. ಇದರಿಂದ ಹೊರಚಾಚಿರುವ, ಮೈಮೇಲೆ ತಿರುಪುಗಳುಳ್ಳ ಉಕ್ಕಿನ ಗೂಟಗಳೇ ಸ್ಟಡ್ಡುಗಳು. ಚಕ್ರದ ರಂಧ್ರಗಳನ್ನು ಈ ಸ್ಟಡ್ಡುಗಳಿಗೆ ಹೊಂದಿಸಿ, ಹೊರಗಿನಿಂದ ನಟ್ಟುಗಳನ್ನು ಬಿಗಿಯುತ್ತಾರೆ. ಗೋಡೆಯ ಗೂಟಕ್ಕೆ ಅಂಗಿಯನ್ನು ತೂಗುಹಾಕಿದಂತೆ ಕಾರಿನ ಭಾರವೆಲ್ಲ ಈ ಗೂಟಗಳ ಮೇಲೆ ನಿಂತಿದೆಯೆಂದು ನೋಡಿದವರಿಗೆ ತೋರುವುದು ಸಹಜ. ಅದು ನಿಜವಲ್ಲ. ನಟ್ಟನ್ನು ಬಿಗಿದಂತೆಲ್ಲ ಸ್ಟಡ್ಡು ಒಂದು ಕೂದಲಿನ ದಪ್ಪದಷ್ಟು ಉದ್ದವಾಗಿ ಹಿಗ್ಗುತ್ತದೆ. ಉಕ್ಕು ಗಟ್ಟಿಯಾದ ಲೋಹವಾದರೂ ಅದಕ್ಕೆ ಸ್ಥಿತಿಸ್ಥಾಪಕ ಗುಣವುಂಟು. ಹಿಗ್ಗಿದ ಸ್ಟಡ್ಡು ತನ್ನ ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ. ಆ ಎಳೆತವು ಚಕ್ರವನ್ನು ಹಬ್ಬಿನ ಮುಖಕ್ಕೆ ಅದುಮಿ ಹಿಡಿಯುತ್ತದೆ. ಅದುಮಿದ ಎರಡು ಮುಖಗಳ ನಡುವಣ ಘರ್ಷಣೆಯೇ ಕಾರಿನ ಭಾರವನ್ನು ಹೊರುತ್ತದೆ. ಸ್ಟಡ್ಡು ಗೂಟವಲ್ಲ, ಎಳೆದು ಕಟ್ಟಿದ ಸ್ಪ್ರಿಂಗು.

ಈ ಎಳೆತ ಎಷ್ಟೆಂಬುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಸಾಮಾನ್ಯ ಕಾರುಗಳ ನಟ್ಟನ್ನು ಸುಮಾರು 100 ನ್ಯೂಟನ್ ಮೀಟರಿನಷ್ಟು ಬಲದಿಂದ ತಿರುಗಿಸಿ ಬಿಗಿಯಬೇಕು. ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 10 ಕಿಲೋಗ್ರಾಂ ತೂಕವನ್ನು ತೂಗುಬಿಟ್ಟರೆ ಉಂಟಾಗುವ ಬಲ ಇದು. ತಿರುಪಿನ ಇಳಿಜಾರು ಅದನ್ನು ಎಷ್ಟೋ ಪಾಲು ವೃದ್ಧಿಗೊಳಿಸುವುದರಿಂದ, 12 ಮಿಲಿಮೀಟರ್ ದಪ್ಪದ ಒಂದೇ ಒಂದು ಸ್ಟಡ್ಡು ಚಕ್ರವನ್ನು ಹೆಚ್ಚುಕಡಿಮೆ 4 ಟನ್ ತೂಕದಷ್ಟು ಬಲದಿಂದ ಒತ್ತಿಹಿಡಿಯುತ್ತದೆ. ಇನ್ನು, 60 ಕಿಲೋಗ್ರಾಂ ತೂಕದ ಮನುಷ್ಯನು ಅರ್ಧ ಮೀಟರ್ ಉದ್ದದ ಪಾನಾದ ತುದಿಯ ಮೇಲೆ ಹತ್ತಿ ನಿಂತರೆ ಏನಾಗುತ್ತದೆ? ವಿಜ್ಞಾನದ ತರಗತಿಯಲ್ಲಿ ಸನ್ನೆಯ ಲೆಕ್ಕವನ್ನು ಮಾಡಿದ ವಿದ್ಯಾರ್ಥಿಗೆ ಉತ್ತರ ಕಷ್ಟವಲ್ಲ. ಬೇಕಾದುದರ ಮೂರು ಪಾಲು ಬಲ ನಟ್ಟಿನ ಮೇಲೆ ಬೀಳುತ್ತದೆ. ಸ್ಟಡ್ಡು ತನ್ನ ಮಿತಿಯನ್ನು ಮೀರಿ ಹಿಗ್ಗಿ, ಮತ್ತೆ ಕುಗ್ಗುವ ಗುಣವನ್ನೇ ಕಳೆದುಕೊಳ್ಳಬಹುದು. ಹೊರಗಿನಿಂದ ಅದು ಭದ್ರವಾಗಿಯೇ ಕಾಣುತ್ತದೆ.

ಮಳೆಗಾಲದ ಒಂದು ಸಂಜೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನು ಇಳಿಯುತ್ತಿರುವ ಒಂದು ಸಣ್ಣ ಕಾರನ್ನು ಊಹಿಸಿಕೊಳ್ಳಬಹುದು. ತಿರುವೊಂದರಲ್ಲಿ ಟಯರು ಪಂಕ್ಚರಾಗುತ್ತದೆ. ಮಂಜು ಕವಿದ ರಸ್ತೆಯ ಅಂಚಿನಲ್ಲಿ ಚಕ್ರವನ್ನು ಬದಲಿಸುವಾಗ ನಾಲ್ಕು ನಟ್ಟುಗಳಲ್ಲಿ ಒಂದು ಕೈಜಾರಿ ಕಂದಕಕ್ಕೆ ಉರುಳಿಹೋಗುತ್ತದೆ. ಹಿಂದೆ ಬಂದ ಇನ್ನೊಂದು ಕಾರಿನವರು ಕನಿಕರದಿಂದ ತಮ್ಮಲ್ಲಿದ್ದ ನಟ್ಟೊಂದನ್ನು ಕೊಡುತ್ತಾರೆ. ಗಾತ್ರವೇನೋ ಅದೇ, ಎರಡು ಸುತ್ತು ಸರಾಗವಾಗಿ ತಿರುಗಿ ಅದು ಗಟ್ಟಿಯಾಗುತ್ತದೆ. ಇನ್ನಷ್ಟು ಭದ್ರವಾಗಲೆಂದು ಕಾರಿನ ಯಜಮಾನರು ನಾಲ್ಕು ನಟ್ಟುಗಳಿಗೂ ಪಾನಾ ಹಾಕಿ ಅದರ ಮೇಲೆ ನಿಂತು ತುಳಿಯುತ್ತಾರೆ. ಕೆಲವು ಮೈಲಿ ಇಳಿದ ಮೇಲೆ ಚಕ್ರದಿಂದ ಟಕ್ ಟಕ್ ಎಂಬ ಸದ್ದು, ಸ್ಟೀರಿಂಗಿನಲ್ಲಿ ನಡುಕ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮೆಲ್ಲನೆ ನಡೆಸುತ್ತ ಉಜಿರೆಯ ಒಂದು ಗ್ಯಾರೇಜನ್ನು ತಲಪಿದಾಗ, ವಯಸ್ಸಾದ ಮೇಸ್ತ್ರಿಯು ಚಕ್ರವನ್ನು ಕೈಯಿಂದ ಅಲುಗಿಸಿ ನೋಡುತ್ತಾನೆ.

“ಇಷ್ಟು ಬಿಗಿದಿದ್ದೇನಲ್ಲ ಮೇಸ್ತ್ರಿಗಳೇ, ಪಾನಾದ ಮೇಲೆಯೇ ನಿಂತಿದ್ದೆ” ಎನ್ನುತ್ತಾರೆ ಯಜಮಾನರು.

“ಬಿಗಿದದ್ದು ನಿಜ ಸ್ವಾಮಿ. ನಟ್ಟು ಸ್ಟಡ್ಡನ್ನು ಕಚ್ಚಿಕೊಂಡಿದೆ, ಚಕ್ರವನ್ನು ಮುಟ್ಟಿಯೇ ಇಲ್ಲ.”

ಮೇಸ್ತ್ರಿಯ ಮಾತಿನಲ್ಲಿ ವಿಷಯದ ತಿರುಳಿದೆ. ಮಾರುತಿಯ ಸಣ್ಣ ಕಾರುಗಳಲ್ಲಿ ಸ್ಟಡ್ಡಿನ ದಪ್ಪ 12 ಮಿಲಿಮೀಟರ್. ನಟ್ಟು ಒಂದು ಸುತ್ತಿಗೆ ಮುಂದೆ ಸರಿಯುವುದು 1.25 ಮಿಲಿಮೀಟರ್. ಟೊಯೋಟಾದ ಹಲವು ಕಾರುಗಳಲ್ಲಿ ದಪ್ಪ ಅದೇ 12, ಸರಿಯುವ ದೂರ ಮಾತ್ರ 1.5. ಕಣ್ಣಿಗೆ ಕಾಣದ ಈ ಅಂತರವೇ ತಿರುಪುಗಳನ್ನು ಒಂದರ ಮೇಲೊಂದು ಹತ್ತಿಸಿ ಕೆಡಿಸುತ್ತದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪುಗಳಿಗೆಲ್ಲ ಒಂದೇ ಅಳತೆ ಇರಬೇಕೆಂದು ಸೂಚಿಸಿದ್ದು 1841ರಲ್ಲಿ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂಡುತ್ತಿರಲಿಲ್ಲ. ಅಳತೆಗಳು ಬಂದುವು, ಆದರೆ ಒಂದಲ್ಲ, ಹಲವು ಬಂದುವು. ವಿಲ್ಲಿಸ್ ಜೀಪುಗಳಲ್ಲಂತೂ ಎಡಗಡೆಯ ಚಕ್ರಗಳ ನಟ್ಟುಗಳು ವಿರುದ್ಧ ದಿಕ್ಕಿಗೆ ತಿರುಗಬೇಕಾಗಿದ್ದುವು. ಇದನ್ನರಿಯದೆ ಸಡಿಲಿಸಲು ಹೋಗಿ, ಬಿಗಿದು ಬಿಗಿದು ಸ್ಟಡ್ಡನ್ನೇ ಮುರಿದವರು ಕಡಿಮೆಯಲ್ಲ.

ಉಳಿದ ಮೂರು ನಟ್ಟುಗಳೇಕೆ ಚಕ್ರವನ್ನು ಹಿಡಿದಿಡಲಿಲ್ಲ? ಚಕ್ರವನ್ನು ಏರಿಸುವಾಗ ಹಬ್ಬಿನ ಮುಖಕ್ಕೆ ಕೆಸರು ಮೆತ್ತಿಕೊಂಡಿತ್ತು. ಕಾರು ಓಡಿದಂತೆ ಕೆಸರು ಪುಡಿಯಾಗಿ ಉದುರಿತು. ಹಿಗ್ಗಿದ್ದುದೇ ಕೂದಲೆಳೆಯಷ್ಟಾದ್ದರಿಂದ, ಕೆಸರಿನ ತೆಳುವಾದ ಪದರವೊಂದು ಹೋದರೂ ಎಳೆತವೆಲ್ಲ ಮಾಯವಾಗುತ್ತದೆ. ಎಳೆತ ಹೋದ ಮೇಲೆ ಸ್ಟಡ್ಡು ನಿಜವಾಗಿಯೂ ಗೂಟವಾಗಿಬಿಡುತ್ತದೆ. ಚಕ್ರದ ಪ್ರತಿಯೊಂದು ಸುತ್ತಿಗೂ ಅದು ಆಚೀಚೆ ಬಾಗಿ, ಬಗ್ಗಿಸಿ ಬಗ್ಗಿಸಿ ಮುರಿದ ತಂತಿಯಂತೆ ತುಂಡಾಗುತ್ತದೆ. ಒಂದು ಮುರಿದರೆ ಅದರ ಹೊರೆ ನೆರೆಯದರ ಮೇಲೆ ಬೀಳುತ್ತದೆ.

ಕಚ್ಚಿಕೊಂಡ ನಟ್ಟನ್ನು ಮೇಸ್ತ್ರಿಯು ಉಳಿಯಿಂದ ಸೀಳಿ ತೆಗೆಯುತ್ತಾನೆ. ತಿರುಪಿನ ತುದಿಯಲ್ಲಿ ಮಾತ್ರ ಸಣ್ಣ ಪೆಟ್ಟಾಗಿದ್ದರೆ ಅದನ್ನು ಅರದಿಂದ ಸರಿಪಡಿಸಬಹುದು. ಇಲ್ಲಿ ತಿರುಪುಗಳು ನುಣ್ಣಗಾಗಿವೆ. ಅಷ್ಟೇ ಅಲ್ಲ, ಪಕ್ಕದ ಇನ್ನೊಂದು ಸ್ಟಡ್ಡಿಗೆ ಉಕ್ಕಿನ ಅಳತೆಪಟ್ಟಿಯನ್ನು ಒರಗಿಸಿ ನೋಡಿದಾಗ ಅದರ ನಡು ಸಣ್ಣಗಾಗಿರುವುದು ಕಾಣುತ್ತದೆ. ತುಳಿದುದರ ಫಲ ಅದು. ಇಂಥದಕ್ಕೆ ರಿಪೇರಿಯೆಂಬುದಿಲ್ಲ. ಎರಡನ್ನೂ ಸುತ್ತಿಗೆಯಿಂದ ಹಬ್ಬಿನ ಹಿಂಬದಿಗೆ ಹೊಡೆದು ಕಳಚಿ, ಹೊಸವನ್ನು ಹಿಂದಿನಿಂದ ತೂರಿಸುತ್ತಾನೆ. ಸ್ಟಡ್ಡಿನ ಕತ್ತಿನಲ್ಲಿರುವ ಹಲ್ಲುಗಳು ಹಬ್ಬಿನ ರಂಧ್ರವನ್ನು ಕಚ್ಚಿ ಹಿಡಿಯುವುದರಿಂದ ಅದು ತಿರುಗುವುದಿಲ್ಲ.

ಮುಂದಿನ ಕೆಲಸದಲ್ಲಿ ಅವಸರವಿಲ್ಲ. ಹಬ್ಬಿನ ಮುಖವನ್ನು ತಂತಿಯ ಕುಂಚದಿಂದ ಉಜ್ಜಿ ಶುಚಿಗೊಳಿಸುತ್ತಾನೆ. ತಿರುಪಿಗೆ ಎಣ್ಣೆ ಹಚ್ಚುವುದಿಲ್ಲ. ಎಣ್ಣೆಯಿಂದ ಘರ್ಷಣೆ ತಗ್ಗಿ, ಅದೇ ಬಲಕ್ಕೆ ಸ್ಟಡ್ಡು ಅಗತ್ಯಕ್ಕಿಂತ ಹೆಚ್ಚು ಹಿಗ್ಗುತ್ತದೆ. ನಟ್ಟಿನ ಇಳಿಜಾರಾದ ಮುಖವನ್ನು ಚಕ್ರದ ಕಡೆಗೆ ತಿರುಗಿಸಿ, ಪಾನಾವನ್ನು ಮುಟ್ಟದೆ, ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸುತ್ತಾನೆ. ಬೆರಳಿಗೆ ಒಗ್ಗದ ನಟ್ಟು ಪಾನಾಕ್ಕೂ ಸಲ್ಲದು. ಬಳಿಕ ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು, ಆಮೇಲೆ ಉಳಿದೆರಡನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾನೆ. ಅಕ್ಕಪಕ್ಕದವನ್ನು ಮೊದಲೇ ಬಿಗಿದರೆ ಚಕ್ರವು ಓರೆಯಾಗಿ ಕೂರುತ್ತದೆ. ಕೊನೆಯ ಬಿಗಿತ ಕಾರು ನೆಲಕ್ಕಿಳಿದ ಮೇಲೆ, ಬಲವನ್ನು ಅಳೆದು ತೋರಿಸುವ ಪಾನಾದಿಂದ.

ಹೊಸ ಸ್ಟಡ್ಡು ಸ್ವಲ್ಪ ದೂರ ಓಡಿದ ಮೇಲೆ ತನ್ನ ಸ್ಥಳದಲ್ಲಿ ಇನ್ನಷ್ಟು ಕೂರುವುದುಂಟು. ಆದುದರಿಂದ ಮಂಗಳೂರನ್ನು ತಲಪಿದೊಡನೆ ಮತ್ತೊಮ್ಮೆ ಪರೀಕ್ಷಿಸಬೇಕೆಂದು ಮೇಸ್ತ್ರಿಯು ಹೇಳಿ ಕಳುಹಿಸುತ್ತಾನೆ. ಸುಮಾರು 65 ಕಿಲೋಮೀಟರ್ ಓಡಿ ನಿಂತ ಕಾರಿನ ಬಳಿ ಯಜಮಾನರು ಈ ಸಲ ನೆಲದ ಮೇಲೆಯೇ ನಿಂತು, ಕೈಯಿಂದಲೇ ಪಾನಾವನ್ನು ಒತ್ತಿ ನೋಡುತ್ತಾರೆ. ಮೂರು ನಟ್ಟುಗಳು ಮಿಸುಕುವುದಿಲ್ಲ. ನಾಲ್ಕನೆಯದು ಕಾಲು ಸುತ್ತಿಗೂ ಕಡಿಮೆ ತಿರುಗಿ ನಿಲ್ಲುತ್ತದೆ.